ಐದು ಪರಿಮಳಗಳ ಪುಡಿ

ಚೀನೀ ಅಡುಗೆಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಹೆಸರು ವು-ಶಿಯಾಂಗ್-ಫೆನ್. ಚಕ್ರಮೊಗ್ಗು, ಚಕ್ಕೆ, ಲವಂಗ, ಸೋಂಪು ಮತ್ತು ಸಿಚುವಾನ್ ಮೆಣಸು, ಇವಿಷ್ಟನ್ನು ಹುರಿದು ಕುಟ್ಟಿದರೆ ಆ ಪುಡಿ ಸಿದ್ಧ. ನಮ್ಮ ಬೀದಿಬದಿಯ ಗೋಬಿ ಮಂಚೂರಿಯಲ್ಲಿ ಸಾಮಾನ್ಯವಾಗಿ ಇದರ ಸುಳಿವೇ ಇರುವುದಿಲ್ಲವಾದ್ದರಿಂದ, ಚೀನೀ ತಿಂಡಿಯನ್ನು ಬಲ್ಲೆವೆನ್ನುವವರಿಗೂ ಇದರ ಪರಿಚಯ ಕಡಿಮೆ.

ಈ ಪುಡಿಗೆ ಸಾಮಾನ್ಯವಾಗಿ ಕೊಡುವ ವಿವರಣೆ ಆಕರ್ಷಕವಾಗಿದೆ. ಚೀನೀಯರ ಪ್ರಾಚೀನ ಚಿಂತನೆಯಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳಿವೆ. ಅವಕ್ಕೆ ಕ್ರಮವಾಗಿ ಹುಳಿ, ಕಹಿ, ಸಿಹಿ, ಖಾರ, ಉಪ್ಪು ಎಂಬ ರುಚಿಗಳು ಸಲ್ಲುತ್ತವೆ. ಈ ಐದನ್ನೂ ಒಂದೆಡೆ ತರುವುದೇ ಪುಡಿಯ ಉದ್ದೇಶ ಎನ್ನುತ್ತಾರೆ. ತತ್ತ್ವಗಳ ಮಾತು ನಿಜ. ಹಾನ್ ರಾಜವಂಶದ ಕಾಲಕ್ಕೆ (ಕ್ರಿ.ಪೂ. 206ರಿಂದ ಕ್ರಿ.ಶ. 220) ಅದೊಂದು ವ್ಯವಸ್ಥಿತ ಸಿದ್ಧಾಂತವಾಗಿಯೇ ಬೆಳೆದಿತ್ತು. ಆದರೆ ಚಿಟಿಕೆ ಪುಡಿಯನ್ನು ನಾಲಿಗೆಯ ಮೇಲಿಟ್ಟು ನೋಡಿ: ಹುಳಿಯಿಲ್ಲ, ಉಪ್ಪೂ ಇಲ್ಲ. ಐದರಲ್ಲಿ ಎರಡು ರುಚಿಗಳೇ ಇಲ್ಲದ ಮೇಲೆ ಆ ವಿವರಣೆ ನಿಲ್ಲುವುದು ಹೇಗೆ?

ಉತ್ತರ ಹೆಸರಿನಲ್ಲೇ ಇದೆ. ವು ಎಂದರೆ ಐದು, ಫೆನ್ ಎಂದರೆ ಪುಡಿ, ಶಿಯಾಂಗ್ ಎಂದರೆ ಪರಿಮಳ. ರುಚಿಗೆ ಚೀನೀ ಭಾಷೆಯಲ್ಲಿ ‘ವೆಯ್’ ಎಂಬ ಬೇರೆಯೇ ಪದವುಂಟು. ದೇವರ ಮುಂದೆ ಹಚ್ಚುವ ಊದುಬತ್ತಿಯೂ ಶಿಯಾಂಗ್. ‘ಪರಿಮಳದ ಬಂದರು’ ಎಂಬ ಅರ್ಥದ ಹಾಂಗ್‌ಕಾಂಗ್ ಹೆಸರಿನ ಮೊದಲ ಅಕ್ಷರವೂ ಇದೇ. ಅಂದರೆ ಇದು ನಾಲಿಗೆಗಿಂತ ಹೆಚ್ಚಾಗಿ ಮೂಗಿಗೆ ಸಂಬಂಧಪಟ್ಟ ಪುಡಿ. ಇದರ ಸಂಬಾರಗಳ ಚರಿತ್ರೆಯೂ ಅದನ್ನೇ ಹೇಳುತ್ತದೆ.

ಚಾಂಗ್‌ಶಾ ನಗರದ ಬಳಿ ಮವಾಂಗ್‌ದುಯ್ ಎಂಬಲ್ಲಿ 1972ರಲ್ಲಿ ಕ್ರಿ.ಪೂ. 2ನೇ ಶತಮಾನದ ಶ್ರೀಮಂತ ಮಹಿಳೆಯೊಬ್ಬಳ ಸಮಾಧಿಯನ್ನು ತೆರೆದಾಗ, ಜತೆಗಿಟ್ಟಿದ್ದ ಪರಿಮಳದ್ರವ್ಯಗಳ ನಡುವೆ ಚಕ್ಕೆಯೂ ಸಿಚುವಾನ್ ಮೆಣಸೂ ಸಿಕ್ಕವು. ಹಾನ್ ಅರಮನೆಯಲ್ಲಿ ರಾಣಿಯ ಅಂತಃಪುರದ ಗೋಡೆಗೆ ಇದೇ ಮೆಣಸನ್ನು ಬೆರೆಸಿದ ಮಣ್ಣನ್ನು ಮೆತ್ತುತ್ತಿದ್ದರು. ಕೋಣೆ ಬೆಚ್ಚಗಿರಲಿ, ಘಮಘಮಿಸಲಿ, ಗೊಂಚಲು ಗೊಂಚಲಾಗಿ ಬಿಡುವ ಕಾಯಿಗಳಂತೆ ಸಂತಾನ ಹೆಚ್ಚಲಿ ಎಂಬ ಆಸೆ.

ಲವಂಗದ ಕಥೆ ಇನ್ನೂ ಸ್ವಾರಸ್ಯ. ಅದಕ್ಕೆ ಆಗಿನ ಹೆಸರು ‘ಕೋಳಿನಾಲಿಗೆ ಪರಿಮಳ’. ಚಕ್ರವರ್ತಿಯ ಮುಂದೆ ಬಿನ್ನವಿಸುವ ಅಧಿಕಾರಿಗಳು ಅದನ್ನು ಬಾಯಲ್ಲಿಟ್ಟುಕೊಳ್ಳಬೇಕಿತ್ತು. ಚಕ್ರವರ್ತಿ ಹುವಾನ್ (ಆಳ್ವಿಕೆ 146–168) ಬಾಯಿ ನಾರುತ್ತಿದ್ದ ದಿಯಾವ್ ತ್ಸುನ್ ಎಂಬ ಮುದಿ ಅಧಿಕಾರಿಗೆ ಲವಂಗ ಕೊಟ್ಟನಂತೆ. ನಾಲಿಗೆ ಚುರುಗುಟ್ಟಿದ್ದೇ ತಡ, ಇದು ಮರಣದಂಡನೆಯ ವಿಷವೆಂದು ಬಗೆದು ಆತ ಮನೆಗೆ ಹೋಗಿ ಎಲ್ಲರಿಂದ ಬೀಳ್ಕೊಳ್ಳತೊಡಗಿದ. ಸಹೋದ್ಯೋಗಿಗಳು ಬಂದು ನೋಡಿ ನಕ್ಕರು. ಕಥೆಯಷ್ಟೇ ಮುಖ್ಯವಾದದ್ದು ಲವಂಗ ಬಂದ ದೂರ. 18ನೇ ಶತಮಾನದವರೆಗೂ ಜಗತ್ತಿಗೆಲ್ಲ ಲವಂಗ ಬರುತ್ತಿದ್ದುದು ಇಂದಿನ ಇಂಡೋನೇಷ್ಯಾದ ಮಲುಕು ದ್ವೀಪಗಳಿಂದ. ಸೋಂಪಿನ ತವರು ಮೆಡಿಟರೇನಿಯನ್ ತೀರ. ಹೀಗೆ ‘ಅಪ್ಪಟ ಚೀನೀ’ ಎನ್ನಲಾಗುವ ಪುಡಿಯಲ್ಲಿ ಎರಡು ಪಾಲು ಹೊರಗಿನದು. ಚಕ್ರಮೊಗ್ಗು ಮಾತ್ರ ದಕ್ಷಿಣ ಚೀನದ ಗುವಾಂಗ್‌ಶಿ ಮತ್ತು ಅದಕ್ಕೆ ತಾಗಿದ ವಿಯೆಟ್ನಾಮಿನ ಬೆಟ್ಟಗಳ ಬೆಳೆ. ಚಕ್ಕೆಯೂ ಅಲ್ಲಿಯದೇ. ನಾವು ಬಳಸುವ ‘ದಾಲ್ಚಿನ್ನಿ’ ಎಂಬ ಮಾತು ಪಾರಸಿಯ ‘ದಾರ್ ಚೀನಿ’, ಅಂದರೆ ಚೀನದ ಮರ.

ಸಿಚುವಾನ್ ಮೆಣಸು ಮೆಣಸೇ ಅಲ್ಲ, ನಿಂಬೆಯ ಕುಟುಂಬಕ್ಕೆ ಸೇರಿದ ಗಿಡದ ಕಾಯಿ. ಚೀನೀಯರು ಅದನ್ನು ‘ಹೂಮೆಣಸು’ ಎಂದು ಕರೆದು, ಆಮೇಲೆ ಹೊರಗಿನಿಂದ ಬಂದ ನಮ್ಮ ಕರಿಮೆಣಸಿಗೆ ‘ಪರದೇಶಿ ಮೆಣಸು’ ಎಂದು ಹೆಸರಿಟ್ಟರು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಬಂಗುಡೆ ಸಾರಿಗೆ ಹಾಕುವ ತಿರ್ಫಳ ಇದರ ಹತ್ತಿರದ ಬಂಧು. ಕನ್ನಡದಲ್ಲಿ ಅದು ಜುಮ್ಮಿನಕಾಯಿ. ನಾಲಿಗೆಯನ್ನು ಜುಮ್ಮೆನ್ನಿಸುವ ಗುಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಹೆಸರು ಇನ್ನೊಂದಿರಲಾರದು.

ಮನೆಯಲ್ಲಿ ಮಾಡುವುದಾದರೆ ಎರಡು ಚಹಾ ಚಮಚ ಸಿಚುವಾನ್ ಮೆಣಸು, 6 ಚಕ್ರಮೊಗ್ಗು, ಒಂದೂವರೆ ಚಮಚ ಸೋಂಪು, ಅರ್ಧ ಚಮಚ ಲವಂಗ, ಬೆರಳುದ್ದದ ಚಕ್ಕೆ ಸಾಕು. ಮೆಣಸಿನೊಳಗಿನ ಕರಿ ಬೀಜ ಮರಳಿನಂತೆ ಹಲ್ಲಿಗೆ ಸಿಗುತ್ತದೆ, ಅದನ್ನು ತೆಗೆದು ಸಿಪ್ಪೆಯನ್ನಷ್ಟೇ ಇಟ್ಟುಕೊಳ್ಳಿ. ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಬೆಚ್ಚಗೆ ಹುರಿದು, ಆರಿದ ಮೇಲೆ ಪುಡಿಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅಳತೆ ಮನೆಯಿಂದ ಮನೆಗೆ ಬೇರೆ, ನಮ್ಮ ಸಾರಿನ ಪುಡಿಯ ಹಾಗೆಯೇ. ಕೆಲವರು ಒಣಗಿದ ಕಿತ್ತಳೆ ಸಿಪ್ಪೆ, ಶುಂಠಿ ಸೇರಿಸಿ ಆರೇಳು ಸಾಮಾನು ಮಾಡುತ್ತಾರೆ. ಹೆಸರು ಮಾತ್ರ ಐದರದ್ದೇ.

ನಮ್ಮ ಮಸಾಲೆಯಂತೆ ಇದನ್ನು ಧಾರಾಳವಾಗಿ ಸುರಿಯುವಂತಿಲ್ಲ. ಕಿಲೋ ಮಾಂಸಕ್ಕೆ ಒಂದು ಚಹಾ ಚಮಚ ಬೇಕಾದಷ್ಟಾಯಿತು, ಮೀರಿದರೆ ಔಷಧದ ವಾಸನೆ. ಬಾತು, ಹಂದಿಯಂಥ ಕೊಬ್ಬಿನ ಮಾಂಸಕ್ಕೆ ಚೀನೀಯರು ಇದನ್ನು ಹೆಚ್ಚು ಬಳಸುವುದಕ್ಕೆ ಕಾರಣವಿದೆ: ಇದರ ಪರಿಮಳ ತೈಲಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಸಸ್ಯಾಹಾರಿಗಳು ಅಲ್ಲಿನ ಕಡಲೆಕಾಯಿಯನ್ನು ಮಾಡಿ ನೋಡಬಹುದು. ಅದಕ್ಕೆ ಪುಡಿ ಬೇಡ, ಇಡೀ ಸಂಬಾರಗಳೇ ಆಗಬೇಕು. ಹಸಿ ಕಡಲೆಕಾಯಿಯನ್ನು ಬೆರಳಿನಿಂದ ಒತ್ತಿ ಸಿಪ್ಪೆಯ ತುದಿ ಬಿರಿಯುವಂತೆ ಮಾಡಿ, ಎರಡು ಚಕ್ರಮೊಗ್ಗು, ಒಂದು ತುಂಡು ಚಕ್ಕೆ, ಸ್ವಲ್ಪ ಸೋಂಪು, ನಾಲ್ಕು ಲವಂಗ, ಸಿಕ್ಕರೆ ಆರೇಳು ಜುಮ್ಮಿನಕಾಯಿ ಹಾಕಿ ಉಪ್ಪುನೀರಿನಲ್ಲಿ ಬೇಯಿಸಿ. ಬೆಂದ ಕೂಡಲೇ ಬಸಿಯಬೇಡಿ. ಆರಿದ ಮೇಲೆ ಅದೇ ನೀರಿನಲ್ಲಿ ಇನ್ನೂ ಒಂದೆರಡು ಗಂಟೆ ಬಿಟ್ಟರೆ ಪರಿಮಳ ಕಾಳಿನೊಳಕ್ಕೆ ಇಳಿಯುತ್ತದೆ.