ಕ್ಯಾನ್ಸರ್ ಕೋಶದ 'ಸಿಗ್ನಲ್' ತಡೆಯುವ ಔಷಧ: ಪುಣೆಯ ಲ್ಯಾಬ್‌ನಲ್ಲಿ ನಡೆದ ಶೋಧವೇನು?

ಪುಣೆ: ಕ್ಯಾನ್ಸರ್ ಚಿಕಿತ್ಸೆ ಎಂದರೆ ಕೂದಲು ಉದುರಿಸುವ ಕೀಮೋಥೆರಪಿಯೇ ಮೊದಲು ನೆನಪಾಗುತ್ತದೆ. ಆದರೆ ಕೆಲವು ಕ್ಯಾನ್ಸರ್‌ಗಳಿಗೆ ಮನೆಯಲ್ಲೇ ನುಂಗಬಹುದಾದ ಮಾತ್ರೆಗಳು ಬಂದಿವೆ. 'ಸ್ಮಾಲ್ ಮಾಲಿಕ್ಯೂಲ್' ಎಂಬ ಪುಟ್ಟ ಅಣುಗಳಿಂದ ತಯಾರಾಗುವ ಇಂಥ ಔಷಧಗಳ ಶೋಧದಲ್ಲಿ ಪುಣೆಯ ಹೆಸರೂ ಇದೆ.

ಕೆಲಸ ಮಾಡುವುದು ಹೇಗೆ?

ಕೋಶ ತಾನಾಗಿಯೇ ಬೆಳೆಯುವುದಿಲ್ಲ. 'ಬೆಳೆ' ಎಂಬ ಸಂದೇಶ ಹೊರಗಿನಿಂದ ಬರುತ್ತದೆ. ಅದನ್ನು ರಾಸ್, ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನ್‌ಗಳು ಒಂದರಿಂದ ಒಂದಕ್ಕೆ ದಾಟಿಸಿ ಕೋಶಕೇಂದ್ರಕ್ಕೆ ಮುಟ್ಟಿಸುತ್ತವೆ. ಜೀನ್‌ನಲ್ಲಿ ದೋಷ ಉಂಟಾದರೆ ಈ ಸ್ವಿಚ್ ಆಫ್ ಆಗುವುದೇ ಇಲ್ಲ; ಕೋಶಗಳು ಲಗಾಮಿಲ್ಲದೆ ಹೆಚ್ಚುತ್ತವೆ. ಪುಟ್ಟ ಅಣು ಕೋಶದೊಳಗೆ ನುಸುಳಿ, ಪ್ರೋಟೀನ್‌ಗೆ ಅಂಟಿಕೊಂಡು ಸಂದೇಶವನ್ನು ತಡೆಯುತ್ತದೆ.

ರಕ್ತದ ಕ್ಯಾನ್ಸರ್‌ಗೆ ನೀಡುವ ಇಮ್ಯಾಟಿನಿಬ್ ಇದಕ್ಕೆ ಹೆಸರಾಂತ ಉದಾಹರಣೆ. ಅಮೆರಿಕದಲ್ಲಿ ಇದಕ್ಕೆ 2001ರಲ್ಲಿ ಅನುಮತಿ ಸಿಕ್ಕಿತು. ಮೆಕ್ ತಡೆಯುವ ಮೊದಲ ಔಷಧ ಟ್ರಾಮೆಟಿನಿಬ್ ಬಂದಿದ್ದು 2013ರಲ್ಲಿ.

ಪುಣೆಯ ಪಾತ್ರ

ಲುಪಿನ್ ಕಂಪನಿಯ ಹೊಸ ಔಷಧ ಶೋಧ ವಿಭಾಗ ಇರುವುದು ಪುಣೆಯಲ್ಲಿ. ಕಂಪನಿಯು ಲಿಂಫೋಸೈಟ್ ಕೋಶಗಳಲ್ಲಿ ಸಂದೇಶ ಸಾಗಿಸುವ ಮಾಲ್ಟ್1 ಪ್ರೋಟೀನ್ ತಡೆಯುವ ಅಣುಗಳನ್ನು 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಆಬ್‌ವೀ ಕಂಪನಿಗೆ ಲೈಸೆನ್ಸ್ ನೀಡಿತು. ಆರಂಭಿಕ ಮೊತ್ತ 3 ಕೋಟಿ ಡಾಲರ್. 2019ರ ಸೆಪ್ಟೆಂಬರ್‌ನಲ್ಲಿ ಮೆಕ್ ತಡೆಯುವ ಅಣುವಿಗಾಗಿ ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ ಜೊತೆ 2 ಕೋಟಿ ಡಾಲರ್ ಆರಂಭಿಕ ಮೊತ್ತದ ಒಪ್ಪಂದವಾಯಿತು.

ಒಪ್ಪಂದವಾದರೆ ಔಷಧ ಬಂದಂತೆಯೇ?

ಖಂಡಿತ ಇಲ್ಲ. ಸಾವಿರಾರು ಅಣುಗಳನ್ನು ಸೋಸಿ, ಕೋಶ ಮತ್ತು ಪ್ರಾಣಿಗಳ ಮೇಲೆ ಪರೀಕ್ಷಿಸಿ, ನಂತರ ಮನುಷ್ಯರ ಮೇಲೆ ಹಂತಹಂತವಾಗಿ ಪ್ರಯೋಗ ನಡೆಸಬೇಕು. ಬಹುಪಾಲು ಅಣುಗಳು ನಡುದಾರಿಯಲ್ಲೇ ಸೋಲುತ್ತವೆ. ಒಪ್ಪಂದದ ದೊಡ್ಡ ಮೊತ್ತ ಕೈಸೇರುವುದು ಪ್ರಯೋಗ ಗೆದ್ದರೆ ಮಾತ್ರ.

ರೋಗಿಗೇನು ಲಾಭ?

ಇಮ್ಯಾಟಿನಿಬ್‌ನ ಮೂಲ ಬ್ರಾಂಡ್‌ಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇದ್ದಾಗ, ದೇಶೀಯ ಜೆನೆರಿಕ್ 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿ ತಿರಸ್ಕರಿಸಿದ್ದರಿಂದ ಅಗ್ಗದ ಔಷಧ ಉಳಿಯಿತು. ಬೇರೆಯವರ ಔಷಧವನ್ನು ಅಗ್ಗವಾಗಿ ತಯಾರಿಸುವುದರಲ್ಲಿ ಭಾರತ ಗೆದ್ದಿದೆ. ಇಲ್ಲೇ ಕಂಡುಹಿಡಿದ ಅಣು, ಇಲ್ಲಿನ ರೋಗಿಗೆ ಕೈಗೆಟಕುವ ಬೆಲೆಗೆ ಸಿಗಬೇಕಾಗಿರುವುದು ಮುಂದಿನ ಸವಾಲು.

ಗಮನಿಸಿ: ಈ ಔಷಧಗಳು ಎಲ್ಲ ಕ್ಯಾನ್ಸರ್‌ಗೂ ಅಲ್ಲ. ಯಾವ ಜೀನ್‌ನಲ್ಲಿ ದೋಷವಿದೆ ಎಂದು ಪರೀಕ್ಷಿಸಿದ ನಂತರವೇ ವೈದ್ಯರು ನಿರ್ಧರಿಸುತ್ತಾರೆ.