ಮಳೆಯನ್ನು ಅಳೆದು ಬೆಳೆಗೆ ವಿಮೆ

ಐಪ್ಪಸಿ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಬೆಸೆಂಟ್ ನಗರದ ನಮ್ಮ ಮನೆಗಳಲ್ಲಿ ನೀರು ನಿಂತ ಬೀದಿಯದೇ ಮಾತು, ಮಕ್ಕಳ ಶಾಲೆಯ ರಜೆಯದೇ ಮಾತು. ಅದೇ ಹೊತ್ತಿಗೆ ಊರಿನಿಂದ ಅಣ್ಣನೋ ಚಿಕ್ಕಪ್ಪನೋ ಫೋನು ಮಾಡುತ್ತಾರೆ. “ಅಲ್ಲಿ ಒಳ್ಳೇ ಮಳೆಯಂತಲ್ಲಪ್ಪ, ಇಲ್ಲಿ ರಾಗಿ ತೆನೆ ಕಟ್ಟೋ ಹೊತ್ತಿಗೆ ಕೈಕೊಟ್ಟಿತು” ಎನ್ನುತ್ತಾರೆ. ಬೆಳೆಗೆ ವಿಮೆ ಕಟ್ಟಿದ್ದೀರಾ ಎಂದು ಕೇಳಿದರೆ, “ಅದೆಲ್ಲ ನೀರಿಗೆ ಹಾಕಿದ ದುಡ್ಡು ಕಣಪ್ಪ” ಎಂಬ ಉತ್ತರ. ಈ ಉತ್ತರವನ್ನು ನಮ್ಮಲ್ಲಿ ಬಹುಮಂದಿ ಕೇಳಿದ್ದೇವೆ. ಕೇಳಿ ಸುಮ್ಮನಾಗಿದ್ದೇವೆ. ಏಕೆಂದರೆ ವಿಮೆಯ ವಿಷಯ ನಮಗೂ ಅಷ್ಟಕ್ಕಷ್ಟೇ. ಆದರೆ ಇದರ ಚರಿತ್ರೆಯನ್ನು ಹುಡುಕುತ್ತ ಹೋದರೆ ನಾವು ತಲುಪುವುದು ನಮ್ಮ ಮೈಸೂರನ್ನೇ.

ಕಥೆಯ ಆರಂಭಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಬಡಾವಣೆಯ ಪಡುವಣಕ್ಕೆ ಬಕಿಂಗ್‌ಹ್ಯಾಂ ಕಾಲುವೆ ಇದೆ. ಅಡ್ಯಾರು ಹೊಳೆಯಿಂದ ಕೂವಂ ಹೊಳೆಯವರೆಗಿನ ಅದರ ಭಾಗವನ್ನು 1877–78ರಲ್ಲಿ ಬರಪೀಡಿತರಿಗೆ ಕೂಲಿ ಕೊಡುವುದಕ್ಕಾಗಿ ತೋಡಿಸಿದರು. ಆ ಬರವನ್ನು ತಮಿಳರು ಧಾತು ವರ್ಷದ ಪಂಜವೆಂದೂ ನಮ್ಮ ಹಿರಿಯರು ಧಾತು ಈಶ್ವರದ ಬರವೆಂದೂ ಕರೆದರು. ಎರಡು ಸಂವತ್ಸರ ಮಳೆ ಸರಿಯಾಗಿ ಬರಲಿಲ್ಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ತಪ್ಪಿದರೆ ಏನಾಗುತ್ತದೆಂಬ ಪಾಠವನ್ನು ಮೈಸೂರು ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು.

ರೈತನಿಗೆ ತನ್ನದೇ ಆದ ರಕ್ಷಣೆಗಳು ಇರಲಿಲ್ಲವೆಂದಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂದು. ಸುಗ್ಗಿಯ ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮೂರನೆಯ ರಕ್ಷಣೆಯೊಂದು ಆಮೇಲೆ ಬಂತು. ಮಳೆಯನ್ನು ನಂಬದ ಸಂಬಳಕ್ಕೆ ಒಬ್ಬ ಮಗನನ್ನು ಪಟ್ಟಣಕ್ಕೆ ಕಳಿಸುವುದು! ನಿಜ ಹೇಳಬೇಕೆಂದರೆ, ಮದ್ರಾಸಿಗೆ ಬಂದ ನಮ್ಮಲ್ಲಿ ಎಷ್ಟೋ ಜನ ಊರಿನ ಮನೆಯ ವಿಮೆಯೇ ಆಗಿದ್ದೇವೆ. ಆದರೆ ಇಡೀ ಹೋಬಳಿಗೆ ಒಟ್ಟಿಗೆ ಬರ ಬಿದ್ದಾಗ ಹಗೇವು ಬರಿದಾಗುತ್ತದೆ, ನೆರೆಯವನೂ ಸಾಲ ಕೊಡಲಾರ, ಮಗನ ಸಂಬಳವೂ ಸಾಲದು. ನಷ್ಟವನ್ನು ಊರಿನಾಚೆಗೂ ಹಂಚಿಕೊಳ್ಳುವ ವ್ಯವಸ್ಥೆ ಬೇಕಾಗುವುದು ಇಲ್ಲಿಯೇ.

ಈ ವ್ಯವಸ್ಥೆಯನ್ನು ಲೆಕ್ಕ ಹಾಕಿ ಬರೆದವರು ಮೈಸೂರು ಸರ್ಕಾರದ ಹಣಕಾಸು ಇಲಾಖೆಯ ಹಿರಿಯ ಅಧಿಕಾರಿ ಜೆ.ಎಸ್. ಚಕ್ರವರ್ತಿಯವರು. ವಿಮೆ ಮೈಸೂರಿಗೆ ಹೊಸದಾಗಿರಲಿಲ್ಲ. ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯನ್ನು ಆರಂಭಿಸಿತ್ತು. ಚಕ್ರವರ್ತಿಯವರು ಬೇಸಾಯದ ವಿಮೆಯ ಬಗ್ಗೆ ಲೇಖನಗಳನ್ನು ಬರೆದು, 1920ರಲ್ಲಿ ಭಾರತದ ಸ್ಥಿತಿಗತಿಗೆ ಹೊಂದುವ ಯೋಜನೆಯೊಂದನ್ನು ಪುಸ್ತಕವಾಗಿ ಪ್ರಕಟಿಸಿದರು. 1870ರಿಂದ 1914ರವರೆಗಿನ ಮಳೆಯ ದಾಖಲೆಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದರು. ಅಮೆರಿಕದ ಸರ್ಕಾರವು ಬೆಳೆ ವಿಮೆಯ ಕಾಯಿದೆ ಮಾಡಿದ್ದು 1938ರಲ್ಲಿ ಎಂಬುದನ್ನು ನೆನೆದರೆ ಈ ಪುಸ್ತಕದ ಮುಂದಾಲೋಚನೆ ತಿಳಿಯುತ್ತದೆ.

ಅವರ ಯೋಜನೆಯ ಸಾರ ಇಷ್ಟು: ಬೆಳೆಯನ್ನು ಅಳೆಯಬೇಡಿ, ಮಳೆಯನ್ನು ಅಳೆಯಿರಿ. ಒಂದೇ ತರಹದ ಮಳೆ ಬೀಳುವ ಪ್ರದೇಶವನ್ನು ಒಂದು ಘಟಕ ಮಾಡಿ. ಅಲ್ಲಿ ಮಳೆ ವಾಡಿಕೆಗಿಂತ ಇಷ್ಟು ಕಡಮೆಯಾದರೆ ವಿಮೆ ಮಾಡಿಸಿದ ಎಲ್ಲರಿಗೂ ಇಷ್ಟು ಹಣ ಎಂದು ಮೊದಲೇ ಗೊತ್ತುಮಾಡಿ. ಹೀಗೆ ಮಾಡಿದರೆ ಅಧಿಕಾರಿ ಹೊಲಹೊಲ ಸುತ್ತಿ ನಷ್ಟ ಬರೆಯಬೇಕಾಗಿಲ್ಲ. ಬರೆಯುವವನ ಕೈ ಬಿಸಿ ಮಾಡಬೇಕಾಗಿಯೂ ಇಲ್ಲ. ವಿಮೆಯುಂಟೆಂದು ಯಾರೂ ಕಳೆ ಕೀಳದೆ ಕೂರುವುದಿಲ್ಲ, ಏಕೆಂದರೆ ಹಣ ಸಿಗುವುದು ಮಳೆಯ ಲೆಕ್ಕಕ್ಕೆ, ಸೋಮಾರಿತನಕ್ಕಲ್ಲ. ಮಳೆಮಾಪಕಕ್ಕೆ ಶ್ರೀಮಂತನೂ ಒಂದೇ, ಬಡವನೂ ಒಂದೇ.

ಯೋಜನೆ ಪುಸ್ತಕದಲ್ಲಿಯೇ ಉಳಿಯಿತು. ಮದ್ರಾಸು, ಬರೋಡಾ, ದೇವಾಸ್‌ಗಳಲ್ಲಿ ನಡೆದ ಇತರ ಪ್ರಯತ್ನಗಳೂ ಹೆಚ್ಚು ದೂರ ಸಾಗಲಿಲ್ಲ. ಸ್ವಾತಂತ್ರ್ಯದ ಹೊಸತರಲ್ಲಿ ಕೇಂದ್ರ ಸರ್ಕಾರ ಜಿ.ಎಸ್. ಪ್ರಿಯೋಳ್ಕರ್ ಅವರಿಂದ ಅಧ್ಯಯನ ಮಾಡಿಸಿ ರಾಜ್ಯಗಳಿಗೆ ಯೋಜನೆ ಕಳಿಸಿದರೂ ಅವು ಖರ್ಚಿಗೆ ಹೆದರಿ ಹಿಂದೆಗೆದವು. ಕೊನೆಗೆ 1972ರಲ್ಲಿ ಗುಜರಾತಿನ ಎಚ್-4 ಹತ್ತಿಗೆ ವಿಮೆ ಆರಂಭವಾಗಿ, ಮುಂದೆ ಕರ್ನಾಟಕ, ತಮಿಳುನಾಡು ಮುಂತಾದ ರಾಜ್ಯಗಳಿಗೂ ಬೇರೆ ಬೆಳೆಗಳಿಗೂ ಹಬ್ಬಿತು. ಅದು ಒಬ್ಬೊಬ್ಬ ರೈತನ ಹೊಲದ ನಷ್ಟವನ್ನು ಬೇರೆಬೇರೆಯಾಗಿ ಅಳೆಯುವ ಪದ್ಧತಿ. 1978–79ರವರೆಗೆ ಸೇರಿದವರು ಕೇವಲ 3,110 ರೈತರು. ಬಂದ ಕಂತು 4.54 ಲಕ್ಷ ರೂಪಾಯಿ, ಕೊಟ್ಟ ಪರಿಹಾರ 37.88 ಲಕ್ಷ! ಆದಾಯಕ್ಕಿಂತ ಎಂಟು ಪಟ್ಟು ಖರ್ಚಾದ ಮೇಲೆ ಅಂಗಡಿ ನಡೆಯುವುದೆಂತು?

ಹೀಗೆ ಪೆಟ್ಟು ತಿಂದ ಮೇಲೆ, ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರರು ತೋರಿದ ದಾರಿಯಲ್ಲಿ 1979ರಿಂದ ಪ್ರದೇಶವನ್ನೇ ಘಟಕವಾಗಿ ಹಿಡಿದ ಪ್ರಯೋಗ ನಡೆಯಿತು. 1985ರಲ್ಲಿ ಸಮಗ್ರ ಬೆಳೆ ವಿಮಾ ಯೋಜನೆ, 1999ರ ಹಿಂಗಾರಿನಲ್ಲಿ ರಾಷ್ಟ್ರೀಯ ಕೃಷಿ ವಿಮಾ ಯೋಜನೆ ಬಂದವು. ಆದರೆ ಇವು ಅಳೆದದ್ದು ಪ್ರದೇಶದ ಇಳುವರಿಯನ್ನು. ಮಳೆಯನ್ನೇ ಅಳೆಯುವ ವಿಮೆಯ ಪ್ರಯೋಗ 2003ರಲ್ಲಿ ಆಂಧ್ರದ ಮಹಬೂಬನಗರದಲ್ಲಿ ಆಯಿತು. 2007ರ ಮುಂಗಾರಿನಲ್ಲಿ ಭಾರತೀಯ ಕೃಷಿ ವಿಮಾ ಕಂಪನಿಯು ಹವಾಮಾನ ಆಧಾರಿತ ವಿಮೆಯನ್ನು ಆರಂಭಿಸಿದ್ದು ಕರ್ನಾಟಕದ ಹೋಬಳಿಗಳಲ್ಲಿಯೇ. ಮೈಸೂರಿನಲ್ಲಿ ಹುಟ್ಟಿದ ವಿಚಾರ 87 ವರ್ಷ ಅಲೆದು ಮನೆಗೆ ಬಂದಂತಾಯಿತು.

2016ರ ಮುಂಗಾರಿನಿಂದ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯ ಮತ್ತು ಎಣ್ಣೆಕಾಳಿಗೆ ರೈತನ ಪಾಲಿನ ಕಂತು ಮುಂಗಾರಿಗೆ ಶೇಕಡ 2, ಹಿಂಗಾರಿಗೆ ಶೇಕಡ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಹೆಚ್ಚೆಂದರೆ ಶೇಕಡ 5. ಉಳಿದದ್ದು ಸರ್ಕಾರಗಳ ಪಾಲು. ಲೆಕ್ಕ ಹೀಗೆ: ರಾಗಿಗೆ 50,000 ರೂಪಾಯಿ ವಿಮೆ ಎಂದಿಟ್ಟುಕೊಂಡರೆ ಕಂತು 1,000 ರೂಪಾಯಿ. ಆ ಘಟಕಕ್ಕೆ ಗೊತ್ತುಮಾಡಿದ ಇಳುವರಿ 20 ಕ್ವಿಂಟಾಲ್ ಇದ್ದು, ಬೆಳೆ ಕಟಾವು ಪ್ರಯೋಗದಲ್ಲಿ 15 ಮಾತ್ರ ಬಂದರೆ ಕೊರತೆ ಕಾಲು ಭಾಗ. ಪರಿಹಾರ 12,500 ರೂಪಾಯಿ. ಕೊರತೆ ಇಲ್ಲದ ವರ್ಷ ಸಾವಿರ ಹೋಯಿತೆನ್ನಬಹುದು. ಅದು ನೀರಿಗೆ ಹಾಕಿದ್ದಲ್ಲ, ಬೇರೆ ತಾಲ್ಲೂಕಿನ ಬರಕ್ಕೆ ಹೋದದ್ದು. ನಮ್ಮ ಬರಕ್ಕೆ ಅವರದು ಬರುತ್ತದೆ.

ಊರಿನವರ ಸಿಟ್ಟಿಗೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಮಳೆಮಾಪಕವಿದ್ದ ಕಡೆ ಮಳೆ ಬಂದು, ಎರಡು ಮೈಲಿಯಾಚೆಯ ಹೊಲ ಒಣಗಿದರೆ ಆ ರೈತನಿಗೆ ಪರಿಹಾರವಿಲ್ಲ. ಚಕ್ರವರ್ತಿಯವರ ವಿಚಾರದ ಹುಟ್ಟು ದೋಷವಿದು. ಘಟಕ ಚಿಕ್ಕದಾದಷ್ಟೂ ಕಡಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕವಾಗಿದೆ. ಆದರೆ ಇನ್ನೊಂದು ಬಗೆಯ ನಷ್ಟ ಬರಿಯ ತಿಳಿವಳಿಕೆಯ ಕೊರತೆಯಿಂದ ಆಗುವಂಥದು. ಸಾಲದ ಜೊತೆಗೆ ಕಂತು ಮುರಿದುಕೊಂಡದ್ದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. 2020ರಿಂದ ಸಾಲಗಾರರಿಗೂ ವಿಮೆ ಕಡ್ಡಾಯವಲ್ಲ ಎಂಬುದೂ ತಿಳಿಯದು. ವಿಮೆ ರಾಗಿಗೆ ಮಾಡಿಸಿ, ಹೊಲದಲ್ಲಿ ಮುಸುಕಿನ ಜೋಳ ಬೆಳೆದು, ಬೆಳೆ ಸಮೀಕ್ಷೆಯಲ್ಲಿ ಹಾಗೆಯೇ ದಾಖಲಾದರೆ ಪರಿಹಾರ ತಿರಸ್ಕೃತವಾಗುತ್ತದೆ. ಆಲಿಕಲ್ಲು ಮಳೆಯಿಂದ ಒಬ್ಬನ ಹೊಲವಷ್ಟೇ ಕೆಟ್ಟರೂ ಪರಿಹಾರವುಂಟು. 72 ಗಂಟೆಯೊಳಗೆ ತಿಳಿಸಬೇಕು. ಇದನ್ನು ತಿಳಿದವರು ಎಷ್ಟು ಮಂದಿ?

ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ನಾವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಬಿತ್ತನೆಗೆ ಮೊದಲು ಅಣ್ಣನ ಜೊತೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕಡೆಯ ದಿನಾಂಕ ಕೇಳಿ ಬರೆದುಕೊಳ್ಳೋಣ. ಕಂತಿನ ರಸೀದಿಯನ್ನು ಪಹಣಿಯ ಜೊತೆ ಇರಿಸೋಣ. ಬೆಳೆ ಸಮೀಕ್ಷೆಯಲ್ಲಿ ಬರೆದ ಹೆಸರು ಸರಿಯಿದೆಯೇ ನೋಡೋಣ. ವಿಮೆಯಿದೆಯೆಂದು ಅಕ್ಕಡಿ ಸಾಲು ಬಿಡಬೇಡಿ ಎಂದೂ ಹೇಳೋಣ.

ಬರದ ವರ್ಷ ನಾವು ಇಲ್ಲಿಂದ ಹಣ ಕಳಿಸಿಯೇ ಕಳಿಸುತ್ತೇವೆ. ಆದರೆ ತಮ್ಮನ ಮುಂದೆ ಕೈಚಾಚಿ ಪಡೆಯುವ ಹಣಕ್ಕೂ ತಾನೇ ಕಂತು ಕಟ್ಟಿ ಹಕ್ಕಿನಿಂದ ಪಡೆಯುವ ಹಣಕ್ಕೂ ಅಂತರವುಂಟು. ಆ ಅಂತರವೇನೆಂಬುದು ಕೇಳಲಾರದೆ ಫೋನಿನಲ್ಲಿ ಬರಿಯ ಮಳೆಯ ಮಾತಾಡಿ ಇಟ್ಟುಬಿಡುವ ಅಣ್ಣನಿಗೆ ಚೆನ್ನಾಗಿ ಗೊತ್ತು.