ಮನೆಬೆಕ್ಕು ಗಬ್ಬಾಗಿದೆಯೇ? ಗೋಣಿಚೀಲ ಹುಡುಕುವ ಮೊದಲು ಇದನ್ನು ಓದಿ

ವಿಜಯನಗರ ಜಿಲ್ಲೆ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಿಂದ ಓದುಗರೊಬ್ಬರು ನಮಗೊಂದು ಧ್ವನಿಸಂದೇಶ ಕಳಿಸಿದ್ದರು. "ನಮ್ಮನಿ ಬೆಕ್ಕು ಗಬ್ಬಾಗೈತ್ರಿ. ಮಗಳು ಬಾಣಂತನಕ್ಕ ಬಂದಾಳ, ಈಗ ಏಳು ತಿಂಗಳು. ಮನಿಯಾಗ ಬೆಕ್ಕಿದ್ರ ಹುಟ್ಟೋ ಕೂಸಿಗೆ ಕಣ್ಣು ಕಾಣೋದಿಲ್ಲ ಅಂತ ಓಣಿಯವ್ರು ಹೇಳಕತ್ಯಾರ. ಮೊಬೈಲ್‌ನಾಗೂ ಹಂಗ ಬಂದೈತಿ. ಚೀಲದಾಗ ಹಾಕಿ ಕೊಟ್ಟೂರು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರಬೇಕೋ ಏನ್ ಮಾಡಬೇಕ್ರಿ?" ಜೊತೆಗೆ ಆ ಫಾರ್ವರ್ಡ್ ಕೂಡ ಇತ್ತು. ಬೆಕ್ಕಿನ ಕೂದಲು ಗರ್ಭಿಣಿಯ ಹೊಟ್ಟೆಗೆ ಹೋದರೆ ಮಗು ಕುರುಡಾಗುತ್ತದೆ, ಕೂಡಲೇ ಹತ್ತು ಜನರಿಗೆ ಕಳಿಸಿ ಎಂಬ ಎಂದಿನ ಧಾಟಿ.

ಬೆಕ್ಕನ್ನು ಬಿಟ್ಟು ಬರಬೇಕಾಗಿಲ್ಲ. ಆದರೆ ಈ ಫಾರ್ವರ್ಡ್ ಪೂರ್ತಿ ಕಟ್ಟುಕಥೆ ಎಂದೂ ನಾವು ಹೇಳುವುದಿಲ್ಲ. ಅದರಲ್ಲಿ ಒಂದು ಕಾಳಿನಷ್ಟು ನಿಜವಿದೆ. ಆ ಕಾಳು ಯಾವುದು ಎಂದು ತಿಳಿದರೆ ಮಗಳೂ ಸುರಕ್ಷಿತ, ಬೆಕ್ಕೂ ಸುರಕ್ಷಿತ.

ಕೂಸಿನ ಕಣ್ಣಿಗೂ ಬೆಕ್ಕಿಗೂ ಏನು ಸಂಬಂಧ?

ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ ಜೀವಿಯಿದೆ. ಸೋಂಕು ತಗುಲಿದ ಇಲಿ, ಹಕ್ಕಿಗಳನ್ನು ತಿಂದ ಬೆಕ್ಕಿನ ಕರುಳಿನಲ್ಲಿ ಅದು ಬೆಳೆದು, ಮಲದಲ್ಲಿ ಹೊರಬರುತ್ತದೆ. ಗರ್ಭಿಣಿಗೆ ಮೊದಲ ಬಾರಿ ಈ ಸೋಂಕು ತಗುಲಿದರೆ ಅದು ಹೊಟ್ಟೆಯಲ್ಲಿರುವ ಮಗುವಿಗೂ ದಾಟಿ ಕಣ್ಣು, ಮಿದುಳಿಗೆ ಹಾನಿ ಮಾಡಬಹುದು. ನಿಜ ಇಷ್ಟೇ.

ಇನ್ನು ಸುಳ್ಳಿನ ಭಾಗ. ಇದು ಕೂದಲಿನಿಂದ ಬರುವುದಿಲ್ಲ. ಬೆಕ್ಕು ಪಕ್ಕದಲ್ಲಿ ಮಲಗಿದ್ದರಿಂದ, ಕಾಲಿಗೆ ಮೈ ಉಜ್ಜಿದ್ದರಿಂದ ಬರುವುದಿಲ್ಲ. ಸಾಮಾನ್ಯವಾಗಿ ಬೆಕ್ಕು ತನಗೆ ಮೊದಲ ಸಲ ಸೋಂಕಾದಾಗ ಒಂದರಿಂದ ಮೂರು ವಾರ ಮಾತ್ರ ಇದನ್ನು ಮಲದಲ್ಲಿ ಹೊರಹಾಕುತ್ತದೆ. ಹೊರಬಂದದ್ದು ಸೋಂಕು ಹರಡುವ ಸ್ಥಿತಿಗೆ ಬರಲು ಇನ್ನೂ ಒಂದರಿಂದ ಐದು ದಿನ ಬೇಕು. ಅಂದರೆ ಬೆಕ್ಕಿನ ಮಲವನ್ನು ದಿನಾ ತೆಗೆದು ಹಾಕಿದರೆ ಅಪಾಯ ಬಹುಪಾಲು ಅಲ್ಲೇ ಮುಗಿಯಿತು. ಆ ಕೆಲಸವನ್ನು ಬಸುರಿ ಮಗಳು ಮಾಡದೆ ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ.

ಫಾರ್ವರ್ಡ್ ಹೇಳದ ಇನ್ನೊಂದು ಸಂಗತಿಯಿದೆ. ಇದೇ ಸೋಂಕು ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ಸೊಪ್ಪು-ತರಕಾರಿಯಿಂದ, ಹೊಲದ ಮಣ್ಣು ಮುಟ್ಟಿದ ಕೈಯಿಂದಲೂ ಬರುತ್ತದೆ. ಬೆಕ್ಕನ್ನು ಓಡಿಸಿ, ತೊಳೆಯದ ಕೊತ್ತಂಬರಿಯನ್ನು ಮಂಡಕ್ಕಿಗೆ ಉದುರಿಸಿ ತಿಂದರೆ ಏನು ಬಂತು? ಬೆಕ್ಕನ್ನು ಸಾಕಿರುವ ವಿಷಯವನ್ನು ತಾಯಿ ಕಾರ್ಡ್ ತೋರಿಸಲು ಹೋದಾಗ ವೈದ್ಯರಿಗೆ ಹೇಳಿ. ರಕ್ತಪರೀಕ್ಷೆ ಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇವೆ: ಬೇಟೆ ಕಲಿಯುವ ವಯಸ್ಸಿನ ಮರಿಗಳಿಗೇ ಈ ಸೋಂಕು ಹೊಸದಾಗಿ ತಗಲುವ ಸಾಧ್ಯತೆ ಹೆಚ್ಚು. ಹಾಗಾಗಿ ಮರಿಗಳ ಗಲೀಜು ಬಳಿಯುವುದು, ಅವು ಕೆದರಿದ ಮಣ್ಣು ಮುಟ್ಟುವುದು ಗರ್ಭಿಣಿಗೆ ಬೇಡ.

ಹೊಟ್ಟೆಯಲ್ಲಿರುವ ಮರಿಗಳನ್ನು ಏನು ಮಾಡುವುದು?

ಇದಕ್ಕೂ ಫಾರ್ವರ್ಡ್‌ಗಳಿವೆ. ಪಪ್ಪಾಯಿ ತಿನ್ನಿಸಿ, ಮೆಡಿಕಲ್ ಶಾಪಿನ ಗರ್ಭಪಾತದ ಮಾತ್ರೆ ಅರ್ಧ ಮಾಡಿ ಕೊಡಿ, ಹೆಂಗಸರ ಗರ್ಭನಿರೋಧಕ ಮಾತ್ರೆ ಕೊಡಿ ಎಂದೆಲ್ಲ. ದಯವಿಟ್ಟು ಯಾವುದನ್ನೂ ಮಾಡಬೇಡಿ. ಪಪ್ಪಾಯಿಯಿಂದ ಏನೂ ಆಗುವುದಿಲ್ಲ. ಮಾತ್ರೆಗಳಿಂದ ಆಗುವುದೆಲ್ಲ ಕೆಟ್ಟದ್ದೇ: ಅರ್ಧಂಬರ್ಧ ಗರ್ಭಪಾತ, ರಕ್ತಸ್ರಾವ, ಗರ್ಭಕೋಶದಲ್ಲಿ ಕೀವು, ಕೆಚ್ಚಲಿನ ಗಡ್ಡೆ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ. ನಮ್ಮ ದೇಹದಂತೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಒಂದೇ ಮಾತ್ರೆ ಜೀವ ತೆಗೆಯಬಹುದು. ಮರಿ ಹಾಕಿ ಸುಸ್ತಾದ ಬೆಕ್ಕಿಗೆ "ಪಾಪ, ಮೈ ಬಿಸಿ ಐತಿ" ಎಂದು ಕೊಡುವವರಿದ್ದಾರೆ, ಅದಕ್ಕೇ ಹೇಳಿದೆವು.

ಸರಿಯಾದ ದಾರಿಗಳು ಎರಡೇ. ಒಂದು, ಗಬ್ಬವಿರುವಾಗಲೇ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು. ಇದು ಸಾಧ್ಯ, ಆದಷ್ಟು ಮುಂಚೆ ಮಾಡಿಸಿದರೆ ತಾಯಿಗೆ ಅಪಾಯ ಕಡಿಮೆ. ಹೊಟ್ಟೆಯ ಮರಿಗಳು ಉಳಿಯುವುದಿಲ್ಲ ಎಂಬ ಕಾರಣಕ್ಕೆ ಹಲವರಿಗೆ ಮನಸ್ಸು ಒಪ್ಪುವುದಿಲ್ಲ. ಅದನ್ನು ನಾವು ತಪ್ಪು ಎನ್ನುವುದಿಲ್ಲ. ಮರಿಗಳನ್ನು ನೋಡಿಕೊಳ್ಳಲು ಯಾರೂ ಇಲ್ಲದ ಮನೆಯವರು ಈ ದಾರಿ ಹಿಡಿದರೆ ಅದೂ ತಪ್ಪಲ್ಲ. ಎರಡು, ಮರಿ ಹಾಕಲು ಬಿಟ್ಟು, ಸಾಕಿ, ಮನೆ ಹುಡುಕಿ ಕೊಟ್ಟು, ಆಮೇಲೆ ತಾಯಿಗೆ ಆಪರೇಷನ್ ಮಾಡಿಸುವುದು. ದಿನ ತುಂಬುತ್ತ ಬಂದಿದ್ದರೆ ಸಾಮಾನ್ಯವಾಗಿ ಇದೇ ಸೂಕ್ತ. ಉಜ್ಜಿನಿಯವರು ಆರಿಸಿಕೊಂಡದ್ದೂ ಇದನ್ನೇ.

ಅರವತ್ತಮೂರು ದಿನದ ಲೆಕ್ಕ

ಬೆಕ್ಕಿನ ಗಬ್ಬದ ಅವಧಿ ಸುಮಾರು 63ರಿಂದ 65 ದಿನ. ಮೂರನೇ ವಾರದ ಹೊತ್ತಿಗೆ ಮೊಲೆತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬುತ್ತವೆ, ಐದನೇ ವಾರಕ್ಕೆ ಹೊಟ್ಟೆ ಎದ್ದು ಕಾಣುತ್ತದೆ. ಫೆಬ್ರುವರಿ ಮಧ್ಯದಲ್ಲಿ ಗಂಡುಬೆಕ್ಕು ಮಾಳಿಗೆ ಮೇಲೆ ಗಲಾಟೆ ಮಾಡಿ ಹೋಗಿದ್ದರೆ ಏಪ್ರಿಲ್ ಮೂರನೇ ವಾರದ ಸುಮಾರಿಗೆ ಮರಿ. ಅಂದರೆ ಮರುಳಸಿದ್ಧೇಶ್ವರ ಜಾತ್ರೆಗೆ, ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವುದನ್ನು ನೋಡಲು ನೆಂಟರಿಷ್ಟರು ಮನೆ ತುಂಬುವ ಬೇಸಿಗೆ ದಿನಗಳ ಆಸುಪಾಸು. ಜನ ಹೆಚ್ಚಿದ್ದು ಗದ್ದಲವಾದರೆ ತಾಯಿಬೆಕ್ಕು ಹೆದರಿ ಮರಿಗಳನ್ನು ಎಲ್ಲೋ ಒಯ್ದು ಅಡಗಿಸುತ್ತದೆ. ಆದ್ದರಿಂದ ಎರಡು ವಾರ ಮೊದಲೇ ಅರೆಗತ್ತಲೆಯ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟು, ಹಳೇ ಕೌದಿಯ ತುಂಡು ಹಾಸಿ. ತಗಡಿನ ಶೆಡ್ ಬೇಡ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಅದು ಒಲೆಯಂತೆ ಕಾಯುತ್ತದೆ.

ಊಟದ ವಿಷಯ ಸ್ವಲ್ಪ ಸೂಕ್ಷ್ಮ. ಈ ಭಾಗದ ಬಹಳಷ್ಟು ಮನೆಗಳಲ್ಲಿ ಮಾಂಸ, ಮೊಟ್ಟೆ ಒಳಗೆ ಬರುವುದಿಲ್ಲ. ಬೆಕ್ಕಿಗೆ ಸಿಗುವುದು ಹಾಲು-ಅನ್ನ, ಹಾಲು-ರೊಟ್ಟಿ. ಆದರೆ ಬೆಕ್ಕು ನಿಸರ್ಗದಲ್ಲಿ ಮಾಂಸಾಹಾರಿ. ಅದಕ್ಕೆ ಟಾರೀನ್ ಎಂಬ ಪೋಷಕಾಂಶ ಬೇಕೇ ಬೇಕು, ಅದು ಧಾನ್ಯದಲ್ಲಿ ಇಲ್ಲ. ಟಾರೀನ್ ಕೊರತೆಯಾದರೆ ಬೆಕ್ಕಿನ ಕಣ್ಣು, ಹೃದಯ ಕೆಡುತ್ತವೆ, ಮರಿಗಳು ನಿಶ್ಶಕ್ತವಾಗಿ ಹುಟ್ಟುತ್ತವೆ. ಇಷ್ಟು ದಿನ ಬೆಕ್ಕು ಶೇಂಗಾ ಚೀಲದ ಸಂದಿಯ ಇಲಿ ಹಿಡಿದು ತನ್ನ ಕೊರತೆ ತಾನೇ ತುಂಬಿಕೊಂಡಿರುತ್ತದೆ. ಹೊಟ್ಟೆ ಭಾರವಾದ ಮೇಲೆ ಅದೂ ಕಷ್ಟ. ಅಡುಗೆಮನೆಯ ಮಡಿ ಕೆಡದಂತೆ ಪ್ಯಾಕೆಟ್ಟಿನ ಬೆಕ್ಕಿನ ಆಹಾರವನ್ನು ಹಿತ್ತಲಲ್ಲಿ ಇಡಬಹುದು, ಅದಕ್ಕೆ ಟಾರೀನ್ ಸೇರಿಸಿರುತ್ತಾರೆ. ಮಾಂಸ ಬೇಯಿಸುವ ಮನೆಯಾದರೆ ಉಪ್ಪು, ಖಾರ ಹಾಕದ ಕೋಳಿ ತುಂಡು, ಬೇಯಿಸಿದ ಮೊಟ್ಟೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಇಲಿ ಪಾಷಾಣ ಇಟ್ಟಿದ್ದರೆ ಇಂದೇ ತೆಗೆಯಿರಿ.

ಹೆರಿಗೆಯಲ್ಲಿ ನಾವು ಮಾಡುವುದು ಕಡಿಮೆ, ದೂರದಿಂದ ನೋಡುವುದೇ ಹೆಚ್ಚು. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರದಿದ್ದರೆ, ಮರಿ ಅರ್ಧಕ್ಕೆ ಸಿಕ್ಕಿಕೊಂಡರೆ, ಕೆಟ್ಟ ವಾಸನೆಯ ಸ್ರಾವವಾದರೆ, ರಕ್ತ ಹರಿಯುತ್ತಿದ್ದರೆ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ಸೇವೆಯ ಸಂಖ್ಯೆ 1962. ಅದು ಮುಖ್ಯವಾಗಿ ದನ-ಕುರಿಗಳಿಗಾಗಿ ಇರುವ ಸೇವೆ, ಆದರೂ ಕೇಳಲು ಸಂಕೋಚ ಬೇಡ.

ಏಳು ಮನೆ ತೋರಿಸುತ್ತದೆಯೇ?

ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಾರೆ. ಏಳರ ಲೆಕ್ಕ ಸುಳ್ಳಾದರೂ ಗಮನಿಕೆ ಸರಿಯಾಗಿದೆ. ವಾಸನೆ, ಇರುವೆ, ನಾಯಿ, ಗಂಡುಬೆಕ್ಕು, ಮಕ್ಕಳ ಕಾಟ, ಯಾವುದರಿಂದ ಅಪಾಯ ಕಂಡರೂ ತಾಯಿ ಜಾಗ ಬದಲಿಸುತ್ತದೆ. ಕತ್ತಿನ ಹಿಂಬದಿ ಕಚ್ಚಿ ಎತ್ತಿದಾಗ ಮರಿ ಕಾಲು ಮುದುಡಿ ಸುಮ್ಮನಾಗುವುದು ಹುಟ್ಟುಗುಣ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ಮಾತ್ರ ನಿಜವಲ್ಲ. ಸಾಕುಬೆಕ್ಕಿಗೆ ನಿಮ್ಮ ವಾಸನೆ ಪರಿಚಿತವೇ. ಬೆಕ್ಕು ತನ್ನ ಮರಿಯನ್ನೇ ತಿನ್ನುವುದು ಅಪರೂಪ. ಸತ್ತು ಹುಟ್ಟಿದ ಅಥವಾ ತೀರಾ ದುರ್ಬಲ ಮರಿಯ ವಿಷಯದಲ್ಲಿ, ಇಲ್ಲವೇ ವಿಪರೀತ ಗಾಬರಿಯಲ್ಲಿ ಹಾಗಾಗುತ್ತದೆ. ಹೊರಗಿನ ಗಂಡುಬೆಕ್ಕು ಮರಿಗಳನ್ನು ಕೊಲ್ಲುವುದುಂಟು, ಆದ್ದರಿಂದ ರಾತ್ರಿ ಬಾಗಿಲು ಹಾಕಿ.

ಆರೋಗ್ಯವಂತ ಮರಿ ಹುಟ್ಟುವಾಗ ಸುಮಾರು 100 ಗ್ರಾಂ ತೂಗುತ್ತದೆ, ದಿನಕ್ಕೆ ಹತ್ತು ಗ್ರಾಂನಷ್ಟು ಏರಬೇಕು. ಕಣ್ಣು ತೆರೆಯುವುದು ಏಳರಿಂದ ಹದಿನಾಲ್ಕು ದಿನದೊಳಗೆ. ತಾಯಿ ಕಣ್ಣಿಗೆ ಬೀಳಲಿಲ್ಲವೆಂದು ಮರಿಗಳನ್ನು ಎತ್ತಿಕೊಂಡು ಬರಬೇಡಿ, ಅದು ಬೇಟೆಗೆ ಹೋಗಿರಬಹುದು. ಕೆಲವು ಗಂಟೆ ದೂರದಿಂದ ಗಮನಿಸಿ. ನಿಜಕ್ಕೂ ತಬ್ಬಲಿಯಾಗಿದ್ದರೆ ಮೊದಲು ಬೇಕಾದ್ದು ಬೆಚ್ಚಗಿನ ಜಾಗ, ಹಾಲು ಆಮೇಲೆ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಹಸುವಿನ ಹಾಲು ಬೆಕ್ಕಿನ ಹಾಲಿಗೆ ಸಮವಲ್ಲ, ಭೇದಿಯಾಗಿ ಎರಡೇ ದಿನದಲ್ಲಿ ಮರಿ ಸೋತುಹೋಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಬೋರಲಾಗಿಯೇ ಕುಡಿಸಿ. ಪ್ರತಿ ಸಲವೂ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಿ. ಮೊದಲ ಮೂರು ವಾರ ತಾಯಿ ನೆಕ್ಕದೆ ಮರಿ ಉಚ್ಚೆ ಹೊಯ್ಯುವುದಿಲ್ಲ.

ಬಿಟ್ಟು ಬಂದರೆ "ಹೆಂಗೋ ಬದುಕ್ತಾವ" ಎಂಬ ಮಾತು

ಗುಡಿ ಮುಂದೆ, ಖಾನಾವಳಿ ಹಿಂದೆ, ಸಂತೆಯಲ್ಲಿ ಬಿಟ್ಟರೆ ಹೇಗೋ ಬದುಕುತ್ತವೆ ಎಂದು ನಂಬಿರುವವರು ಕೆಟ್ಟವರಲ್ಲ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಬೀದಿಬೆಕ್ಕುಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 169 ಮರಿಗಳ ಪೈಕಿ 127 ಆರು ತಿಂಗಳು ತುಂಬುವುದರೊಳಗೆ ಸತ್ತವು ಅಥವಾ ಕಾಣೆಯಾದವು. ತಾಯಿ ಜೊತೆಗಿದ್ದ ಮರಿಗಳ ಕಥೆ ಇದು. ಒಂದು ಬೆಕ್ಕು ಏಳು ವರ್ಷದಲ್ಲಿ 4,20,000 ಬೆಕ್ಕಾಗುತ್ತದೆ ಎಂಬ ಇನ್ನೊಂದು ಫಾರ್ವರ್ಡ್ ನಿಲ್ಲದಿರುವುದೂ ಇದೇ ಕಾರಣಕ್ಕೆ. ಹುಟ್ಟಿದ್ದೆಲ್ಲ ಬದುಕಿ, ಎಲ್ಲವೂ ಮರಿ ಹಾಕುತ್ತಲೇ ಇದ್ದರೆ ಮಾತ್ರ ಆ ಸಂಖ್ಯೆ ಬರುತ್ತದೆ.

ಕಾನೂನೂ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಸೆಕ್ಷನ್ 11ರ ಪ್ರಕಾರ ಹಸಿವು-ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇವತ್ತಿಗೆ ನಗು ಬರುವ ಮೊತ್ತ, ಒಪ್ಪುತ್ತೇವೆ. ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ ಮಾತ್ರ ನಗುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ರಡಿ ಐದು ವರ್ಷದವರೆಗೆ ಜೈಲು ಆಗಬಹುದು.

ಮನೆ ಹುಡುಕಲು ಎಂಟು ವಾರ ಸಮಯವಿದೆ. ಎರಡನೇ ವಾರದಿಂದ ಏಳನೇ ವಾರದವರೆಗೆ ದಿನಾ ಸ್ವಲ್ಪ ಹೊತ್ತು ಎತ್ತಿ ಆಡಿಸಿದ ಮರಿ ಜನರಿಗೆ ಹೆದರುವುದಿಲ್ಲ. ಅಂಥ ಮರಿಗೇ ಮನೆ ಸಿಗುತ್ತದೆ. ನಮ್ಮ ಕಡೆ ಬೆಕ್ಕು ಬೇಕಾದವರು ಕಡಿಮೆಯೇನಿಲ್ಲ. ಮೆಕ್ಕೆಜೋಳ, ಶೇಂಗಾ ದಾಸ್ತಾನು ಮಾಡುವ ಪ್ರತಿ ಮನೆಯೂ ಇಲಿಯಿಂದ ಬೇಸತ್ತಿರುತ್ತದೆ. ಊರ ಗ್ರೂಪಿನಲ್ಲಿ ಹಳೇ ಫಾರ್ವರ್ಡ್ ಬದಲು ಮರಿಗಳ ಫೋಟೊ ಹಾಕಿ. ಎಂಟು ವಾರಕ್ಕೆ ಮೊದಲು ತಾಯಿಯಿಂದ ಬಿಡಿಸಬೇಡಿ, ಜಂತುಹುಳದ ಔಷಧ ಮತ್ತು ಮೊದಲ ಲಸಿಕೆ ಹಾಕಿಸಿ ಕೊಡಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಮರಿ ಪರಚಿದರೆ, ಕಚ್ಚಿದರೆ ಅರಿಶಿನ, ಸುಣ್ಣ ಮೆತ್ತಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಒಂದು ಸೂಲು ಆಗಲೇಬೇಕೆ?

ಆಪರೇಷನ್‌ಗೆ ಮೊದಲು ಒಂದು ಸೂಲಾದರೂ ಆಗಬೇಕು, ಇಲ್ಲದಿದ್ದರೆ ಶಾಪ, ಬೆಕ್ಕಿನ ಆರೋಗ್ಯವೂ ಕೆಡುತ್ತದೆ ಎನ್ನುವವರಿದ್ದಾರೆ. ನಿಜ ಇದರ ತದ್ವಿರುದ್ಧ. ಆರು ತಿಂಗಳಿಗೆ ಮೊದಲೇ ಆಪರೇಷನ್ ಆದ ಹೆಣ್ಣುಬೆಕ್ಕಿಗೆ ಕೆಚ್ಚಲಿನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 91ರಷ್ಟು ಕಡಿಮೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ಇಲಿ ಹಿಡಿಯುವುದು ಬಿಡುತ್ತದೆ ಎಂಬ ಭಯವೂ ಬೇಡ, ಬೇಟೆಯಾಡುವ ಗುಣ ಗರ್ಭಕೋಶದಲ್ಲಿ ಇರುವುದಿಲ್ಲ.

ಬಹಳ ಜನ ಎಡವುವುದು ಇನ್ನೊಂದು ಕಡೆ. ಮರಿಗೆ ಹಾಲು ಕುಡಿಸುವಾಗಲೇ ಬೆಕ್ಕು ಮತ್ತೆ ಬೆದೆಗೆ ಬಂದು ಗಬ್ಬವಾಗಬಹುದು. "ಇನ್ನೂ ಹಾಲುಣಿಸಕತ್ತೈತಿ" ಎಂದು ಹೊರಗೆ ಬಿಟ್ಟರೆ ಎರಡು ತಿಂಗಳಲ್ಲಿ ಇನ್ನೊಂದು ಸೂಲು. ಮರಿಗಳು ಹಾಲು ಬಿಡುವವರೆಗೆ ತಾಯಿಯನ್ನು ಮನೆಯೊಳಗೇ ಇಟ್ಟುಕೊಂಡು, ಹಾಲು ಬತ್ತಿದ ಎರಡು ವಾರಕ್ಕೆ ಆಪರೇಷನ್ ಮಾಡಿಸಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ಕೇಳಿ. ಅಲ್ಲಿ ಆಗದಿದ್ದರೆ ಹೊಸಪೇಟೆ, ದಾವಣಗೆರೆ, ಬಳ್ಳಾರಿ ಕಡೆ ವಿಚಾರಿಸಿ. ಗದಗ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದ ಎರಡು ಮೂರು ಮನೆಯವರು ಕೂಡಿ ಒಂದೇ ಗಾಡಿ ಮಾಡಿಕೊಂಡು ಹೋದರೆ ಖರ್ಚು ಹಗುರ.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಉಜ್ಜಿನಿಯಿಂದ ಇನ್ನೊಂದು ಧ್ವನಿಸಂದೇಶ ಬಂತು. ಡಬ್ಬಿ ಇಟ್ಟಿದ್ದರೂ ಬೆಕ್ಕು ಶೇಂಗಾ ಚೀಲಗಳ ಸಂದಿಯಲ್ಲೇ ನಾಲ್ಕು ಮರಿ ಹಾಕಿದೆಯಂತೆ. ಒಂದು ಮರಿಗೆ ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ. "ಇದು ಹೆಣ್ಣೋ ಗಂಡೋ ಹೆಂಗ್ ಗೊತ್ತಾಗಬೇಕ್ರಿ?" ಎಂದು ಕೇಳಿದ್ದಾರೆ. ಬಾಲ ಎತ್ತಿ ನೋಡಬೇಕಾಗಿಲ್ಲ, ಹೆಚ್ಚುಕಡಿಮೆ ಖಂಡಿತ ಹೆಣ್ಣೇ. ಕೆಂಚು ಬಣ್ಣದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಕಪ್ಪು, ಕೆಂಚು ಎರಡೂ ಒಟ್ಟಿಗೆ ಮೂಡಲು ಎರಡು ಎಕ್ಸ್ ಬೇಕು, ಅದು ಇರುವುದು ಹೆಣ್ಣಿಗೆ. ಅದಕ್ಕೆ ಐದು ತಿಂಗಳು ತುಂಬುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ ಎಂದು ಉತ್ತರಿಸಿದ್ದೇವೆ.